ಲೆಕ್ಕಕ್ಕೆ ಬಾರದ ದುಡಿಮೆ ಮತ್ತು ದೇವಕಿ ಜೈನ್



ಚಾಲಿ ಅಡಿಕೆ ಒಣಗಿಸುವಲ್ಲಿ ನಮ್ಮವರು ಮಾಡುವ ತಪ್ಪುಗಳ ಬಗ್ಗೆ ಈ ಸಂಚಿಕೆಗೆ ಬರೆಯುವುದೆಂದು ನಿಶ್ಚಯಿಸಿದ್ದೆವು. ಅಷ್ಟರಲ್ಲಿ ಸದಸ್ಯರ ಕುಟುಂಬ ವಿವರ ಪಟ್ಟಿಯನ್ನು ಹೊಸದಾಗಿ ಬರೆಯುವ ಕೆಲಸ ಬಂದು ನಾಲ್ಕಾರು ದಿನ ಊರೂರು ಅಲೆಯುವಂತಾಯಿತು. ಬ್ರಹ್ಮಾವರದಿಂದ ಮೂಡು ದಿಕ್ಕಿಗೆ, ಕೊಕ್ಕರ್ಣೆ ಆಚೆಯ ಒಂದು ಮನೆಗೆ ಹೋದಾಗ ಸದಸ್ಯರು ಪೇಟೆಗೆ ಹೋಗಿದ್ದರು. ಅವರ ಮನೆಯಾಕೆ ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಕಾಲಿನಿಂದ ಮಗುಚುತ್ತಿದ್ದರು. ನಮ್ಮನ್ನು ಕಂಡು ಬೆಲ್ಲ ನೀರು ತಂದಿಟ್ಟರು, ಮತ್ತೆ ಅಂಗಳಕ್ಕಿಳಿದರು. ನಾವು ಪಟ್ಟಿ ತೆಗೆದು ಹೆಸರು, ಪ್ರಾಯ ಬರೆದುಕೊಂಡು, “ಅಕ್ಕಾ, ನಿಮ್ಮ ಉದ್ಯೋಗ ಎಂತ ಬರೆಯಲಿ?” ಎಂದು ಕೇಳಿದೆವು.

“ನಂಗೆಂತ ಉದ್ಯೋಗ ಮಾರಾಯ್ರೇ, ಮನಿಯಂಗೆ ಇಪ್ಪುದ್,” ಎಂದರು. ಕಾಲು ಮಾತ್ರ ನಿಲ್ಲಲಿಲ್ಲ, ಅಡಿಕೆ ಮಗುಚುತ್ತಲೇ ಇತ್ತು.

ನಾವು ‘ಗೃಹಿಣಿ’ ಎಂದು ಬರೆದು, ನೀರು ಕುಡಿದು ಹೊರಟೆವು. ಅರ್ಧ ದಾರಿ ಬಂದ ಮೇಲೆ ಆ ಶಬ್ದ ಮನಸ್ಸಿಗೆ ಕಿರಿಕಿರಿ ಮಾಡತೊಡಗಿತು. ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಇದೇ ರೀತಿಯಲ್ಲಿ ಕೇಳಬಾರದು ಎಂದು ತೋರಿಸಿಕೊಟ್ಟ ಒಬ್ಬ ಕನ್ನಡನಾಡಿನ ಮಹಿಳೆಯ ಬರಹಗಳನ್ನು ನಾವು ಓದಿದವರು. ಓದಿಯೂ ಈ ತಪ್ಪು ಮಾಡಿದೆವು. ಹೀಗಾಗಿ ಚಾಲಿಯ ವಿಷಯವನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ಸಲ ಶ್ರೀಮತಿ ದೇವಕಿ ಜೈನ್ ಅವರ ಬಗ್ಗೆ ಬರೆಯುತ್ತಿದ್ದೇವೆ.

ದೇವಕಿಯವರು ಹುಟ್ಟಿದ್ದು 1933ರಲ್ಲಿ, ಮೈಸೂರಿನಲ್ಲಿ. ತಂದೆ ಎಂ.ಎ. ಶ್ರೀನಿವಾಸನ್ ಮೈಸೂರು ಸಂಸ್ಥಾನದಲ್ಲಿ ಮಂತ್ರಿಯಾಗಿದ್ದವರು, ಮುಂದೆ ಗ್ವಾಲಿಯರಿನ ದಿವಾನರಾದವರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಸಂಪ್ರದಾಯದ ಅಯ್ಯಂಗಾರ್ ಕುಟುಂಬ, ಹೆಣ್ಣುಮಕ್ಕಳು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಗೆರೆ ಎಳೆದಿಟ್ಟ ಮನೆ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಗಣಿತ, ಅರ್ಥಶಾಸ್ತ್ರ ಓದಿದರು. 1955ರಲ್ಲಿ, 22ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ರಸ್ಕಿನ್ ಕಾಲೇಜಿಗೆ ಸೇರಿದರು. ರಸ್ಕಿನ್ ಎಂದರೆ ಶ್ರೀಮಂತರ ಕಾಲೇಜಲ್ಲ. ಕಾರ್ಮಿಕ ವರ್ಗದ ಜನರಿಗೆ ಉಚ್ಚ ವಿದ್ಯೆ ದೊರೆಯಲೆಂದು 1899ರಲ್ಲಿ ಸ್ಥಾಪಿಸಿದ್ದು. ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸೇಂಟ್ ಆನ್ಸ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ಆ ದಿನಗಳಲ್ಲಿ ಶುಲ್ಕ ಕಟ್ಟಲು ಹಣ ಸಾಲದೆ ಒಂದು ಕಾಫಿ ಹೋಟೆಲಿನಲ್ಲಿ ಪಾತ್ರೆ ತೊಳೆದರು. ದಿವಾನರ ಮಗಳು ಎಂಜಲು ತಟ್ಟೆ ತೊಳೆದದ್ದನ್ನು ಕೇಳಿ ನಮ್ಮ ಹಿರಿಯ ಸದಸ್ಯರೊಬ್ಬರು “ಅದೇ ನಿಜವಾದ ಡಿಗ್ರಿ” ಎಂದರು. ಒಪ್ಪತಕ್ಕ ಮಾತೇ.

1963ರಿಂದ 1969ರವರೆಗೆ ಅವರು ದೆಹಲಿ ವಿಶ್ವವಿದ್ಯಾಲಯದ ಮಿರಾಂಡಾ ಹೌಸ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿದ್ದರು. ಮಿರಾಂಡಾ ಹೌಸ್ ಹೆಣ್ಣುಮಕ್ಕಳ ಕಾಲೇಜು. ಅದೇ ಆವರಣದಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್. ಅಮರ್ತ್ಯ ಸೇನ್, ಕೆ.ಎನ್. ರಾಜ್, ಸುಖಮಯ್ ಚಕ್ರವರ್ತಿಯವರಂತಹ ಘಟಾನುಘಟಿಗಳು ಅಲ್ಲಿದ್ದ ಕಾಲ. ಆ ದಿನಗಳಲ್ಲಿ ದೇಶದ ಅರ್ಥಶಾಸ್ತ್ರವೆಂದರೆ ಪಂಚವಾರ್ಷಿಕ ಯೋಜನೆ, ಉಕ್ಕು, ಬಂಡವಾಳ. ಅದನ್ನು ಚರ್ಚಿಸುವ ಮೇಜಿನ ಸುತ್ತ ಕೂತವರು ಬಹುಪಾಲು ಗಂಡಸರೇ. ಅಂಥ ಲೋಕದಲ್ಲಿ ಹೆಣ್ಣಾಗಿ ನಿಲ್ಲುವುದು ಸುಲಭವಾಗಿರಲಿಲ್ಲ. ಉಪನ್ಯಾಸಕಿಯಾಗುವುದಕ್ಕೆ ಮುಂಚೆ, ಹೆಸರಾಂತ ಅರ್ಥಶಾಸ್ತ್ರಜ್ಞರೊಬ್ಬರ ಬಳಿ ಸಂಶೋಧನಾ ಸಹಾಯಕಿಯಾಗಿದ್ದಾಗ ಅವರ ಅನುಚಿತ ವರ್ತನೆಗೆ ಒಪ್ಪದೆ ಕೆಲಸ ಕಳೆದುಕೊಂಡದ್ದನ್ನು ದೇವಕಿಯವರು 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆ ‘ದಿ ಬ್ರಾಸ್ ನೋಟ್‌ಬುಕ್’ನಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಷ್ಟೊಂದು ವರ್ಷ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು.

ಮದುವೆಯ ವಿಷಯ ಸಹಕಾರಿಗಳಾದ ನಮಗೆ ಹತ್ತಿರದ್ದು. 1966ರಲ್ಲಿ, ತಂದೆಯ ಇಚ್ಛೆಗೆ ವಿರುದ್ಧವಾಗಿ, ಅವರು ಲಕ್ಷ್ಮೀಚಂದ್ ಜೈನ್ ಅವರನ್ನು ವಿವಾಹವಾದರು. ಜೈನ್ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ನಿನ ಮುಂಚೂಣಿಯ ಕಾರ್ಯಕರ್ತರು. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿಗೆ ಸಹಕಾರ ತತ್ತ್ವದಲ್ಲಿ ಬದುಕು ಕಟ್ಟಿಕೊಡಲು 1948ರಲ್ಲಿ ಆ ಯೂನಿಯನ್ನನ್ನು ಸ್ಥಾಪಿಸಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಜೈನ್ ಅವರಿಗೆ 1989ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 2010ರಲ್ಲಿ ಅವರು ತೀರಿಕೊಂಡರು.

ಇನ್ನು ಮುಖ್ಯ ವಿಷಯ. ನಾವು ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ ಓದುವಾಗ ರಾಷ್ಟ್ರೀಯ ಆದಾಯದ ಪಾಠದಲ್ಲಿ ಒಂದು ಹಳೆಯ ಹಾಸ್ಯ ಬರುತ್ತಿತ್ತು. ಇಂಗ್ಲೆಂಡಿನ ಪಿಗೂ ಎಂಬ ಪಂಡಿತರು ಹೇಳಿದ್ದು: ಸಂಬಳಕ್ಕಿದ್ದ ಮನೆವಾರ್ತೆಯವಳನ್ನು ಯಜಮಾನ ಮದುವೆಯಾದರೆ ರಾಷ್ಟ್ರೀಯ ಆದಾಯ ಅಷ್ಟರಮಟ್ಟಿಗೆ ಇಳಿಯುತ್ತದೆ. ಕೆಲಸ ಅದೇ, ಮಾಡುವವಳು ಅವಳೇ, ಸಂಬಳ ನಿಂತಿತು, ಆದ್ದರಿಂದ ಲೆಕ್ಕದಿಂದ ಹೊರಗೆ. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಹಾಗಾದರೆ ಈ ಲೆಕ್ಕವೇ ತಪ್ಪಲ್ಲವೇ ಎಂದು ಕೇಳಬೇಕೆಂದು ಬೆಂಚಿನ ಮೇಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಸಂಜೆ ಮನೆಗೆ ಬಂದರೆ ಅಮ್ಮ ಹಟ್ಟಿಯ ಗೊಬ್ಬರ ಹೊರುತ್ತಿದ್ದರು.

ದೇಶದ ಜನಗಣತಿಯೂ ಇಂಥದೇ ಒಂದು ಆಟ ಆಡಿತು. 1961ರ ಗಣತಿಯಲ್ಲಿ ನೂರು ಹೆಂಗಸರಲ್ಲಿ ಸುಮಾರು 28 ಮಂದಿ ದುಡಿಯುವವರೆಂದು ಲೆಕ್ಕ ಸಿಕ್ಕಿತ್ತು. ಹತ್ತು ವರ್ಷ ಕಳೆದು 1971ರಲ್ಲಿ ಎಣಿಸಿದಾಗ ಅದು ಅರ್ಧದಷ್ಟಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಂಗಸರು ಗದ್ದೆ ತೋಟ ಬಿಟ್ಟು ಕೂತರೇ? ಯಂತ್ರಗಳು ಬಂದು ಕೆಲಸ ಹೋದದ್ದೂ ಅಲ್ಲಲ್ಲಿ ನಿಜವೇ. ಆದರೆ ದೊಡ್ಡ ಕಾರಣ ಪ್ರಶ್ನೆಯೇ ಬದಲಾದದ್ದು. 1961ರಲ್ಲಿ, ಕೆಲಸದ ಹಂಗಾಮಿನ ಹೆಚ್ಚಿನ ಭಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಪ್ಪದೆ ದುಡಿದವರೂ ಕೆಲಸಗಾರರೇ. 1971ರಲ್ಲಿ ಕೇಳಿದ್ದು ‘ನಿಮ್ಮ ಮುಖ್ಯ ಚಟುವಟಿಕೆ ಯಾವುದು?’ ಎಂದು. ಮುಖ್ಯ ಚಟುವಟಿಕೆ ಎಂದರೆ ಯಾವ ಗೃಹಸ್ಥೆಯೂ ‘ಮನೆ’ ಎಂದೇ ಹೇಳುತ್ತಾಳೆ. ಅಲ್ಲಿಗೆ ಅವಳು ಕಿತ್ತ ನೇಜಿ, ನೆಟ್ಟ ಗದ್ದೆ, ಹೆಕ್ಕಿದ ಅಡಿಕೆ ಎಲ್ಲ ಮಾಯ. 1974ರಲ್ಲಿ ಮಹಿಳೆಯರ ಸ್ಥಾನಮಾನದ ಬಗೆಗಿನ ರಾಷ್ಟ್ರೀಯ ಸಮಿತಿ ಕೊಟ್ಟ ವರದಿಯಲ್ಲಿ ಹೆಂಗಸರ ಉದ್ಯೋಗ ಹೀಗೆ ಇಳಿದದ್ದು ಕಂಡು ಬಹಳ ಜನ ಬೆಚ್ಚಿಬಿದ್ದರು.

ದೇವಕಿಯವರು ಆಗ ಕಾಲೇಜು ಬಿಟ್ಟಿದ್ದರು. ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ಕ್ಕಾಗಿ ಭಾರತ ಸರಕಾರದ ಪ್ರಕಟಣ ವಿಭಾಗದ ಪರವಾಗಿ ‘ಇಂಡಿಯನ್ ವಿಮೆನ್’ ಎಂಬ ಗ್ರಂಥವನ್ನು ಸಂಪಾದಿಸಿದರು. ಅದರ ಬೆನ್ನಿಗೇ ಅವರು ಕೈಹಾಕಿದ ಕೆಲಸ ನಮ್ಮ ದೃಷ್ಟಿಯಲ್ಲಿ ಅವರ ಎಲ್ಲ ಪ್ರಶಸ್ತಿಗಳಿಗಿಂತ ದೊಡ್ಡದು. ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಕೆಲವು ಹಳ್ಳಿಗಳಲ್ಲಿ ಅವರ ತಂಡದವರು ಅಲ್ಲೇ ಉಳಿದು, ಆಯ್ದ ಮನೆಗಳಲ್ಲಿ ಬೆಳಗಾಗುವುದರಿಂದ ಹಿಡಿದು ರಾತ್ರಿಯವರೆಗೆ ಗಂಡಸು, ಹೆಂಗಸು, ಮಕ್ಕಳು ಯಾರು ಯಾವ ಗಂಟೆಗೆ ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ ಬರೆದಿಟ್ಟರು. ‘ಉದ್ಯೋಗ ಏನು’ ಎಂಬ ಪ್ರಶ್ನೆಯನ್ನು ಬದಿಗಿಟ್ಟರು. ‘ಕೆಲಸವಿಲ್ಲದವರು’ ಎಂದು ಸರಕಾರಿ ಪಟ್ಟಿಯಲ್ಲಿ ಸೇರತಕ್ಕ ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು, ದನ ಸಾಕುತ್ತಿದ್ದರು, ಪೈರು ಒಕ್ಕುತ್ತಿದ್ದರು. ಎಳೆಯ ಹೆಣ್ಣುಮಕ್ಕಳೂ ಬಿಡುವಿಲ್ಲದೆ ದುಡಿಯುತ್ತಿದ್ದರು. ಬರೆದುಕೊಳ್ಳುವವರು ಕೇಳದ್ದರಿಂದ, ಹೇಳುವವರಿಗೆ ಅದು ಕೆಲಸವೆಂದೇ ತೋರದ್ದರಿಂದ, ಅದು ಲೆಕ್ಕಕ್ಕೆ ಬಂದಿರಲಿಲ್ಲ. ಮಾಲಿನಿ ಚಂದ್ ಅವರ ಜತೆ ಬರೆದ ಇದರ ವರದಿ 1982ರಲ್ಲಿ ಹೊರಬಂತು.

ಇದರಿಂದ ಏನಾಯಿತು ಎಂದು ಕೇಳುವವರಿಗೆ ಹೇಳುತ್ತೇವೆ: ಕೇಂದ್ರ ಅಂಕಿಸಂಖ್ಯಾ ಸಂಸ್ಥೆ 1998-99ರಲ್ಲಿ ಆರು ರಾಜ್ಯಗಳಲ್ಲಿ ಇಂಥ ‘ಸಮಯ ಬಳಕೆ’ ಸಮೀಕ್ಷೆ ಮಾಡಿತು. 2019ರಲ್ಲಿ ಅದು ಇಡೀ ದೇಶಕ್ಕೆ ಹಬ್ಬಿತು; 2024ರಲ್ಲಿ ಮತ್ತೊಮ್ಮೆ ನಡೆಯಿತು. 2024ರ ಲೆಕ್ಕದಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ 289 ನಿಮಿಷ ಅದರಲ್ಲೇ ಕಳೆಯುತ್ತಾಳೆ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸು 88 ನಿಮಿಷ. ಕೈಹಾಕದ ಗಂಡಸರು ಈ 88ರ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಮಾತು. ಅರ್ಥಶಾಸ್ತ್ರ ವಿಭಾಗದಲ್ಲಿ ಹೆಂಗಸರು ಇದ್ದರೆಷ್ಟು, ಬಿಟ್ಟರೆಷ್ಟು, ಲೆಕ್ಕ ಲೆಕ್ಕವೇ ಅಲ್ಲವೇ ಎಂದು ನಮ್ಮ ಸ್ನೇಹಿತರೊಬ್ಬರು ವಾದಿಸಿದರು. ನಮಗೆ ಹಾಗೆ ತೋರುವುದಿಲ್ಲ. ಕೂಡಿಸುವುದು ಕಳೆಯುವುದು ಎಲ್ಲರಿಗೂ ಒಂದೇ. ಯಾವುದನ್ನು ಕೂಡಿಸಬೇಕು ಎಂಬ ಪ್ರಶ್ನೆ ಮಾತ್ರ ಕೂತವರನ್ನು ನೋಡಿಕೊಂಡು ಬದಲಾಗುತ್ತದೆ. ಅಮೆರಿಕದಲ್ಲೂ ಇದೇ ಕಥೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದಲ್ಲಿ ಕಾಯಂ ಪ್ರಾಧ್ಯಾಪಕ ಸ್ಥಾನ ಮೊದಲ ಬಾರಿಗೆ ಒಬ್ಬ ಮಹಿಳೆಗೆ ದೊರೆತದ್ದು 1990ರಲ್ಲಿ. ಅವರೇ ಕ್ಲಾಡಿಯಾ ಗೋಲ್ಡಿನ್. ಅವರು ಹಳೆಯ ಅಮೆರಿಕನ್ ದಾಖಲೆಗಳನ್ನು ಜಾಲಾಡಿದಾಗ, ಗಂಡನ ಜತೆ ಹೊಲದಲ್ಲೋ ಮನೆಯ ಕಸುಬಿನಲ್ಲೋ ದುಡಿಯುತ್ತಿದ್ದವರ ಉದ್ಯೋಗದ ಅಂಕಣದಲ್ಲಿ ‘ಹೆಂಡತಿ’ ಎಂದಷ್ಟೇ ಬರೆದದ್ದು ಕಂಡಿತು. ಅದನ್ನು ಸರಿಪಡಿಸಿ ನೋಡಿದರೆ, 1890ರ ದಶಕದ ಕೊನೆಯಲ್ಲಿ ದುಡಿಯುತ್ತಿದ್ದ ವಿವಾಹಿತ ಸ್ತ್ರೀಯರ ಪ್ರಮಾಣ ಗಣತಿಯಲ್ಲಿ ಬರೆದದ್ದಕ್ಕಿಂತ ಸುಮಾರು ಮೂರು ಪಟ್ಟು! 2023ರಲ್ಲಿ ಅವರಿಗೆ ನೊಬೆಲ್ ಬಂತು. ಕೊಕ್ಕರ್ಣೆಯ ಅಂಗಳದಲ್ಲಿ ನಾವು ಬರೆದ ‘ಗೃಹಿಣಿ’ಗೂ ಅಲ್ಲಿಯ ‘ಹೆಂಡತಿ’ಗೂ ಏನು ಅಂತರ?

ಅದೇ ವಿಭಾಗದಲ್ಲಿ 2010ರಲ್ಲಿ ಕಾಯಂ ಪ್ರಾಧ್ಯಾಪಕಿಯಾದ ಮೂರನೆಯ ಮಹಿಳೆ, ಮೈಸೂರಿನಲ್ಲಿ ಶಾಲೆ ಕಲಿತ ಗೀತಾ ಗೋಪಿನಾಥ್. 2019ರಲ್ಲಿ ಅವರು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮೊದಲ ಮಹಿಳಾ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು. ಮುಂದೆ ಅಲ್ಲೇ ಇನ್ನೂ ಮೇಲಿನ ಹುದ್ದೆಯಲ್ಲಿದ್ದು 2025ರಲ್ಲಿ ಹಾರ್ವರ್ಡಿಗೆ ಮರಳಿದರು. ಅವರ ಸಂಶೋಧನೆ ಬೇರೆ ದಾರಿಯದು. ಯಾವ ದೇಶ ಯಾವ ದೇಶಕ್ಕೆ ಮಾರಿದರೂ ಬೆಲೆ ಮಾತ್ರ ಹೆಚ್ಚಾಗಿ ಡಾಲರಿನಲ್ಲೇ ಏಕೆ, ಅದರ ಪರಿಣಾಮವೇನು ಎಂಬುದು. ಅಡಿಕೆ ತೋಟದ ನಡುವೆ ರೋಬಸ್ಟಾ ಹಾಕಿದ ನಮ್ಮ ಸದಸ್ಯರಿಗೆ ಇದು ದೂರದ ವಿಷಯವಲ್ಲ. ನಮ್ಮ ದೇಶದ ಕಾಫಿ ಇಟಲಿಗೆ ಹೋದರೂ ರೋಬಸ್ಟಾ ಬೆಲೆ ಗೊತ್ತಾಗುವುದು ಲಂಡನ್ ಪೇಟೆಯಲ್ಲಿ, ಅದೂ ಡಾಲರಿನಲ್ಲಿ. ಅದರ ಬಗ್ಗೆ ಇನ್ನೊಮ್ಮೆ ಬರೆಯುವ ಮನಸ್ಸಿದೆ.

ಮತ್ತೆ ದೇವಕಿಯವರತ್ತ ಬರೋಣ. 1980ರಲ್ಲಿ ಅವರ ‘ವಿಮೆನ್ಸ್ ಕ್ವೆಸ್ಟ್ ಫಾರ್ ಪವರ್’ ಪುಸ್ತಕ ಬಂತು. ಹೆಂಗಸರು ಕೂಡಿ ನಡೆಸಿದ ಐದು ಪ್ರಯತ್ನಗಳ ಅಧ್ಯಯನ ಅದು. ಅದರಲ್ಲಿ ಒಂದು ಲಿಜ್ಜತ್ ಹಪ್ಪಳದ್ದು. 1959ರಲ್ಲಿ ಮುಂಬಯಿಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿ ಒಣಗಿಸಿ ಆರಂಭಿಸಿದ್ದು. ಅಲ್ಲಿ ಹಪ್ಪಳ ಮಾಡುವವಳೇ ಒಡತಿ. ಇನ್ನೊಂದು, ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರದು, ಅಂದರೆ ಅಮುಲ್‌ನ ಹಳ್ಳಿಗಳದು. ಸಹಕಾರ ಸಪ್ತಾಹದ ಭಾಷಣಗಳಲ್ಲಿ ನಾವೆಲ್ಲ ಅಮುಲ್ ಎಂದು ಎದೆಯುಬ್ಬಿಸುತ್ತೇವೆ, ಉಬ್ಬಿಸಬೇಕಾದದ್ದೇ. ಆದರೆ ಎಮ್ಮೆಗೆ ಹುಲ್ಲು ತರುವುದು, ಮೀಯಿಸುವುದು, ಕರೆಯುವುದು ಹೆಂಗಸು. ಸಂಘದ ಸದಸ್ಯತ್ವ ಹೆಚ್ಚಿನ ಮನೆಗಳಲ್ಲಿ ಗಂಡನದು. ಈ ಒಂದು ಸಂಗತಿಯನ್ನು ಎದುರಿಗಿಟ್ಟುಕೊಂಡು ನಮ್ಮ ಸಂಘದ ಸದಸ್ಯರ ರಿಜಿಸ್ಟರನ್ನು ಬಿಚ್ಚಿ ನೋಡಿದೆವು. ಪುಟ ಮಗುಚಿದಂತೆ ಗಂಡಸರ ಹೆಸರೇ. ನಡುನಡುವೆ ಕಾಣುವ ಹೆಂಗಸರಲ್ಲಿ ಬಹುಪಾಲು ವಿಧವೆಯರು.

ಇದು ಆಗುತ್ತಿರುವುದು ಯಾವ ಸೀಮೆಯಲ್ಲಿ? ಭೂತಾಳ ಪಾಂಡ್ಯನ ಕಟ್ಟು ಹುಟ್ಟಿದ್ದೆಂದು ಐತಿಹ್ಯ ಹೇಳುವ ಬಾರ್ಕೂರು ನಮ್ಮ ಸಂಘದಿಂದ ಕೂಗಳತೆಯಲ್ಲಿದೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಇಳಿದು ಬಂದದ್ದು ಹೆಣ್ಣಿನ ಬಳಿಯಲ್ಲಿ. ಆದರೂ ಕೀಲಿಕೈ, ಲೆಕ್ಕದ ಪುಸ್ತಕ, ಕೋರ್ಟು ಕಚೇರಿ ಹೆಚ್ಚಾಗಿ ಯಜಮಾನನಾದ ಮಾವನ ಕೈಯಲ್ಲೇ. ಆಮೇಲೆ ಭೂಸುಧಾರಣೆಯಲ್ಲಿ ಗೇಣಿದಾರರು ಡಿಕ್ಲರೇಶನ್ ಕೊಟ್ಟಾಗ ಗದ್ದೆಗಿಳಿದು ನೆಟ್ಟವಳು ಯಾರು ಎಂದು ಯಾರೂ ಕೇಳಲಿಲ್ಲ. ಮನೆಯ ಹಿರಿಯ ಗಂಡಸಿನ ಹೆಸರಿಗೆ ಹಕ್ಕು ಬಂತು. ಅದೇ ಹೆಸರು ಪಹಣಿಗೆ, ಪಹಣಿಯಿಂದ ನಮ್ಮ ರಿಜಿಸ್ಟರಿಗೆ. ನಮ್ಮ ಕಡೆ ಹೆಂಗಸಿನ ಹೆಸರಲ್ಲಿ ಲೆಕ್ಕ ಇರುವ ಬೆಳೆ ಒಂದೇ, ಮಲ್ಲಿಗೆ. ಕೊಯ್ದು ಕಟ್ಟಿ ಕಟ್ಟೆಗೆ ಕೊಟ್ಟು ಚೆಂಡು, ಅಟ್ಟೆ ಎಷ್ಟೆಂದು ಲೆಕ್ಕ ಇಟ್ಟುಕೊಳ್ಳುವವಳು ಅವಳೇ. ಆ ಹಣದಲ್ಲಿ ಮಕ್ಕಳ ಕಾಲೇಜು ಶುಲ್ಕ ಕಟ್ಟಿದ ಮನೆಗಳು ನಮಗೆ ಗೊತ್ತು.

ಪುಸ್ತಕದ ಮಾತಾಯಿತು, ನಮ್ಮ ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಸದಸ್ಯರು ಇದ್ದಕ್ಕಿದ್ದಂತೆ ತೀರಿಕೊಂಡರು. ಕೊಳೆರೋಗಕ್ಕೆ ಎರಡನೆಯ ಮದ್ದು ಬಿಡುವ ಹೊತ್ತು. ಅವರ ಮನೆಯಾಕೆ ಸಾಲಕ್ಕೆ ಬಂದರು. ಎಷ್ಟು ಮರ, ಯಾವ ಬಣ್ಣದಲ್ಲಿ ಮಣ್ಣು ಏರಿಸಬೇಕು, ಮೈಲುತುತ್ತು ಎಷ್ಟು ಬೇಕು, ಹೋದ ವರ್ಷ ಕೋಕ ಎಷ್ಟು, ಪಟೋರ ಎಷ್ಟು ಎಲ್ಲ ಬಾಯಲ್ಲೇ ಇತ್ತು. ನಮ್ಮ ಕಚೇರಿಯಲ್ಲಿ ಮಾತ್ರ ಆಕೆ ಯಾರೂ ಅಲ್ಲ. ನಾಮನಿರ್ದೇಶನದ ಅಂಕಣ ಖಾಲಿ, ಪಹಣಿ ಬದಲಾಗಿಲ್ಲ, ದೂರದಲ್ಲಿದ್ದ ಮಗನ ರುಜು ಬೇಕು. ನಿಯಮ ನಿಯಮವೇ, ಕಾರ್ಯದರ್ಶಿಯಾಗಿ ನಾವು ಅದನ್ನೇ ಹೇಳಿದೆವು. ಆಕೆ ಕೊರಳಿನದ್ದನ್ನು ಅಡವಿಟ್ಟು ಮದ್ದು ಬಿಡಿಸಿದರು. ಕಾಗದಪತ್ರ ಸರಿಯಾಗುವಾಗ ಇನ್ನೊಂದು ಮಳೆಗಾಲ ಬಂದಿತ್ತು. ಅದರ ನಂತರ ಆಕೆ ನಮ್ಮ ಸಂಘಕ್ಕೆ ಅಡಿಕೆ ಹಾಕಿದ್ದಾರೆ, ಮಹಾಸಭೆಗೆ ಬಂದಿಲ್ಲ.

ದೇವಕಿಯವರ ಉಳಿದ ಸಾಧನೆಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. ದೆಹಲಿಯ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸ್ಟಡೀಸ್ ಟ್ರಸ್ಟ್ ಅವರು ಕಟ್ಟಿದ ಸಂಸ್ಥೆ; 1994ರವರೆಗೆ ಅದರ ನಿರ್ದೇಶಕಿಯಾಗಿದ್ದರು. 1984ರಲ್ಲಿ ಬೆಂಗಳೂರಿನಲ್ಲಿ ಬಡ ರಾಷ್ಟ್ರಗಳ ಮಹಿಳಾ ಚಿಂತಕರನ್ನು ಸೇರಿಸಿ ಆರಂಭಿಸಿದ ‘ಡಾನ್’ ಎಂಬ ಬಳಗ ಮರುವರ್ಷ ನೈರೋಬಿಯ ವಿಶ್ವ ಮಹಿಳಾ ಸಮ್ಮೇಳನದಲ್ಲಿ ಹೆಸರು ಮಾಡಿತು. ಟಾಂಜಾನಿಯಾದ ಜೂಲಿಯಸ್ ನ್ಯೆರೇರೆಯವರ ಅಧ್ಯಕ್ಷತೆಯ ಸೌತ್ ಕಮಿಷನ್ನಿನಲ್ಲಿ ಸದಸ್ಯೆಯಾಗಿದ್ದರು. 2006ರಲ್ಲಿ ಪದ್ಮಭೂಷಣ ಬಂತು.

ಸದಸ್ಯರಲ್ಲಿ ಎರಡು ವಿನಂತಿ. ನಾಮನಿರ್ದೇಶನದ ನಮೂನೆ ಕಚೇರಿಯಲ್ಲಿದೆ. ಖಾಲಿ ಬಿಟ್ಟವರು ಈ ತಿಂಗಳೊಳಗೆ ತುಂಬಿಸಿ ಕೊಡಿ. ಕುಟುಂಬ ವಿವರ ಪಟ್ಟಿಯಲ್ಲಿ ‘ಉದ್ಯೋಗ’ ಎಂಬ ಅಂಕಣದ ಬದಿಗೆ ‘ತೋಟದ ಮತ್ತು ಅಂಗಳದ ಕೆಲಸ, ದಿನಕ್ಕೆ ಎಷ್ಟು ಗಂಟೆ’ ಎಂಬ ಇನ್ನೊಂದು ಅಂಕಣ ಸೇರಿಸಲು, ಮತ್ತು ಹಾಗೆ ದುಡಿಯುವ ಮನೆಯಾಕೆಯನ್ನು ಸದಸ್ಯೆಯಾಗಿ ಸೇರಿಸಿಕೊಳ್ಳಲು ಉಪನಿಯಮದಲ್ಲಿ ಏನು ತಿದ್ದಬೇಕು ಎಂಬುದನ್ನು ಮುಂದಿನ ಆಡಳಿತ ಮಂಡಳಿಯ ಸಭೆಗೆ ಮಂಡಿಸುತ್ತೇವೆ. ಸಂವಿಧಾನದ 97ನೆಯ ತಿದ್ದುಪಡಿಯೊಂದಿಗೆ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಎಂಬ ಮಾತು ಬಂದಾಗ ಯಾರನ್ನು ನಿಲ್ಲಿಸುವುದೆಂದು ಹುಡುಕಾಡಿದ್ದು ಹಿರಿಯ ನಿರ್ದೇಶಕರಿಗೆ ನೆನಪಿರಬಹುದು. ರಿಜಿಸ್ಟರಿನಲ್ಲೇ ಇಲ್ಲದವರನ್ನು ಮಂಡಳಿಗೆ ತರುವುದು ಎಲ್ಲಿಂದ?

ಅಂಕಣ ತುಂಬಿಸುವುದು ಹೇಗೆಂದು ತಿಳಿಯಲು ಮೊದಲು ನಮ್ಮ ಮನೆಯಲ್ಲೇ ಪರೀಕ್ಷೆ ಮಾಡಿದೆವು. ಒಂದು ಭಾನುವಾರ ಬೆಳಿಗ್ಗೆ ಐದರಿಂದ ಜಗಲಿಯಲ್ಲಿ ಕೂತು ಮನೆಯಾಕೆಯ ಕೆಲಸವನ್ನು ಗಂಟೆ ಗಂಟೆಗೂ ಬರೆದೆವು. ರಾತ್ರಿ ಹಾಳೆಯನ್ನು ಅವರ ಕೈಗೆ ಕೊಟ್ಟೆವು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಧ್ಯಾಹ್ನ ಎರಡರಿಂದ ಮೂರರವರೆಗೆ ‘ವಿಶ್ರಾಂತಿ’ ಎಂದು ಬರೆದಿದ್ದೆವು. ಅದಕ್ಕೆ ಅಡ್ಡಗೆರೆ ಎಳೆದು, ‘ಅಡಿಕೆ ಆರಿಸಿದ್ದು’ ಎಂದು ಬರೆದು, “ಆ ಹೊತ್ತಿಗೆ ವಿಶ್ರಾಂತಿ ನಿಮ್ಮದು” ಎಂದರು.